ಲೋಡರ್ ಟ್ರ್ಯಾಕ್ಟರಿನ ಮುಂದಿನ ಟೈರು: ಕೊಳ್ಳುವ ಮುಂಚೆ ಹಿಂದಕ್ಕೆ ತಿರುಗಿ ನೋಡಿ

ಪ್ರಶ್ನೆ: ನನ್ನದು 35 ಅಶ್ವಶಕ್ತಿಯ ಫೋರ್ ವೀಲ್ ಡ್ರೈವ್ ಸಣ್ಣ ಟ್ರ್ಯಾಕ್ಟರ್. ಮುಂದೆ ಲೋಡರ್ ಕೂರಿಸಿದ್ದೇನೆ. ಮುಕ್ಕಾಲು ಪಾಲು ಕೆಲಸ ಗೊಬ್ಬರ, ಮಣ್ಣು, ಜಲ್ಲಿ ಎತ್ತಿ ಹಾಕುವುದು. ಉಳಿದದ್ದು ಹೊಲದ ಕೆಲಸ. ಮುಂದಿನ ಟೈರು 7-16 (ಸುಮಾರು 7 ಇಂಚು ಅಗಲ, 16 ಇಂಚಿನ ಡಿಸ್ಕು), ಆರ್-1 ಮಾದರಿ, 4 ಪ್ಲೈ (ಒಳಪದರದ ಬಲದ ಗುರುತು). ಬಕೆಟ್ ತುಂಬಿದರೆ ಟೈರಿನ ಪಕ್ಕೆ ಉಬ್ಬುತ್ತದೆ, ಸ್ಟೀರಿಂಗ್ ತಿರುಗಿಸಲು ಕಷ್ಟ. ಮೊನ್ನೆ ನಿಂತಲ್ಲೇ ತಿರುಗಿಸುವಾಗ ಎಡಗಡೆಯ ಟೈರು ಡಿಸ್ಕಿನಿಂದ ಕಳಚಿಕೊಂಡಿತು. ಒಬ್ಬರು ಆರ್-4 ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಇದೇ ಡಿಸ್ಕಿಗೆ 8-16 ಏರಿಸಿ ಅನ್ನುತ್ತಾರೆ, ಮತ್ತೊಬ್ಬರು ಗಾಳಿಯ ಬದಲು ಫೋಮ್ ತುಂಬಿಸಿದರೆ ತಲೆನೋವೇ ಇರುವುದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸಲಹೆ ಕೊಟ್ಟ ಮೂವರೂ ಒಂದು ಪ್ರಶ್ನೆ ಕೇಳಿಲ್ಲ. ನೀವೂ ಅದನ್ನು ಬರೆದಿಲ್ಲ. ಲೋಡರ್ ಕೆಲಸ ಮಾಡುವಾಗ ನಿಮ್ಮ ಟ್ರ್ಯಾಕ್ಟರಿನ ಹಿಂದೆ ಏನು ಕಟ್ಟಿರುತ್ತೀರಿ? ಏನೂ ಇಲ್ಲ ಅನ್ನುವುದಾದರೆ ಯಾವ ಟೈರು ತಂದರೂ ಅರ್ಧ ಪರಿಹಾರ ಮಾತ್ರ. ಹಾಗಾಗಿ ಟೈರಿನ ಮಾತಿಗೆ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಬಕೆಟ್ಟಿನಲ್ಲಿ 500 ಕೆ.ಜಿ. ಇದ್ದರೆ ಮುಂದಿನ ಆಕ್ಸಲ್ ಮೇಲೆ 500 ಕೆ.ಜಿ. ಹೆಚ್ಚಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬಕೆಟ್ ಇರುವುದು ಮುಂದಿನ ಗಾಲಿಗಿಂತ ಮುಂದೆ. ಹಾರೆ ಹಾಕಿ ಕಲ್ಲು ಮೀಟುವಾಗ ಕೆಳಗೆ ಕೊಟ್ಟ ಚಪ್ಪಟೆ ಕಲ್ಲಿನ ಮೇಲೆ ಎರಡೂ ಕಡೆಯ ಭಾರ ಬೀಳುತ್ತದಲ್ಲ, ನಿಮ್ಮ ಮುಂದಿನ ಆಕ್ಸಲ್ ಆ ಚಪ್ಪಟೆ ಕಲ್ಲಿನ ಜಾಗದಲ್ಲಿದೆ. ಬಕೆಟ್ ಮುಂದೆ ತೂಗುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ, ಹಿಂದೆ ಕಡಿಮೆಯಾದದ್ದೂ ಮುಂದಕ್ಕೇ ಬರುತ್ತದೆ.

ಉದಾಹರಣೆಗೆ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 1.7 ಮೀಟರ್ ಅಂತರ ಇದೆ ಎಂದುಕೊಳ್ಳಿ. ಬಕೆಟ್ಟಿನ ಭಾರದ ಮಧ್ಯಬಿಂದು ಮುಂದಿನ ಆಕ್ಸಲ್‌ನಿಂದ 1.3 ಮೀಟರ್ ಮುಂದಿದೆ. ಲೋಡರ್ ಸಮೇತ ಟ್ರ್ಯಾಕ್ಟರಿನ ತೂಕ 1,600 ಕೆ.ಜಿ.; ಬಕೆಟ್ ಖಾಲಿ ಇದ್ದಾಗ ಮುಂದೆ 800, ಹಿಂದೆ 800. ಈಗ ಬಕೆಟ್ಟಿಗೆ 500 ಕೆ.ಜಿ. ಹಾಕಿ. 1.7ಕ್ಕೆ 1.3 ಕೂಡಿಸಿದರೆ 3.0. 500ನ್ನು 3.0ರಿಂದ ಗುಣಿಸಿ 1.7ರಿಂದ ಭಾಗಿಸಿದರೆ ಸುಮಾರು 882. ಅಂದರೆ ಮುಂದಿನ ಆಕ್ಸಲ್ ಮೇಲೆ ಈಗ 1,682 ಕೆ.ಜಿ., ಒಂದೊಂದು ಟೈರಿಗೆ 841. ಹಿಂದೆ ಉಳಿದದ್ದು ಬರೀ 418. ಟ್ರ್ಯಾಕ್ಟರ್ ನೋಡುವುದಕ್ಕೆ ನಾಲ್ಕು ಕಾಲಿನ ಮೇಲೆ ನಿಂತಂತೆ ಕಂಡರೂ ಭಾರದ ಐದರಲ್ಲಿ ನಾಲ್ಕು ಪಾಲು ಮುಂದಿನ ಎರಡರ ಮೇಲಿದೆ.

ಈಗ ಹಿಂದಿನ ಕೊಂಡಿಗೆ 400 ಕೆ.ಜಿ. ತೂಕದ ಕಾಂಕ್ರೀಟ್ ದಿಮ್ಮಿಯನ್ನೋ ತೂಕದ ಪೆಟ್ಟಿಗೆಯನ್ನೋ ಸಿಕ್ಕಿಸಿ. ಅದು ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದೆ ತೂಗಲಿ. ಹಾರೆಯ ಲೆಕ್ಕ ಈ ಸಲ ನಮ್ಮ ಕಡೆಗೆ ತಿರುಗುತ್ತದೆ. ಮುಂದಿನ ಭಾರದಲ್ಲಿ 235 ಕೆ.ಜಿ. ಕಡಿಮೆ, ಹಿಂದಿನದರಲ್ಲಿ 635 ಹೆಚ್ಚು. ಒಂದೊಂದು ಮುಂದಿನ ಟೈರಿಗೆ 841 ಇದ್ದದ್ದು ಸುಮಾರು 723ಕ್ಕೆ ಇಳಿಯಿತು. ಹೊಸ ಟೈರು ತರದೆಯೇ ಇಷ್ಟು ಉಪಕಾರ. ನಿಮ್ಮ ಹೊಲದ ಉಪಕರಣದಲ್ಲಿ ಭಾರವಾದದ್ದು ಯಾವುದಾದರೂ ಇದ್ದರೆ ಅದನ್ನೇ ಕಟ್ಟಿಕೊಂಡರೂ ನಡೆಯುತ್ತದೆ. ಆದರೆ ಉದ್ದ ಜಾಸ್ತಿ ಇದ್ದರೆ ತಿರುಗಿಸುವಾಗ ಗೋಡೆಗೆ ತಾಗುತ್ತದೆ. ಹಾಗಾಗಿ ಗಿಡ್ಡಗೆ, ದಪ್ಪಗೆ ಇರುವ ತೂಕವೇ ವಾಸಿ.

ಹಿಂದಿನ ಟೈರಿಗೆ ನೀರು ತುಂಬಿಸಿದ್ದೇನಲ್ಲ, ಅದು ಸಾಲದೇ ಎಂದು ಕೇಳಬಹುದು. ಸಾಲದು. ಟೈರಿನೊಳಗಿನ ನೀರು ಹಿಂದಿನ ಆಕ್ಸಲ್‌ನ ನೇರಕ್ಕೇ ಕೂರುತ್ತದೆ. ಹಿಂದಿನ ಗಾಲಿ ನೆಲ ಬಿಡದ ಹಾಗೆ ಹಿಡಿಯುತ್ತದೆ, ಜಾರುವುದು ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಮುಂದಿನ ಆಕ್ಸಲ್‌ನಿಂದ ಒಂದು ಕೆ.ಜಿ.ಯನ್ನೂ ಅದು ಎತ್ತಿಕೊಳ್ಳುವುದಿಲ್ಲ. ಆ ಕೆಲಸ ಆಗಬೇಕಾದರೆ ತೂಕ ಹಿಂದಿನ ಆಕ್ಸಲ್‌ಗಿಂತ ಹಿಂದೆಯೇ ತೂಗಬೇಕು.

ಇನ್ನೊಂದು ವಿಷಯ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೊಟ್ಟಿಲಿನಂತೆ ಆಡುತ್ತದೆ. ನೆಲ ಏರುಪೇರಾಗಿದ್ದರೂ ಎರಡು ಮುಂದಿನ ಟೈರುಗಳ ಮೇಲೆ ಭಾರ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುವುದು ಆ ಆಟದಿಂದಲೇ. ಆಕ್ಸಲ್ ತನ್ನ ತಡೆಗೆ ಹೋಗಿ ಮುಟ್ಟಿತೋ, ಮುಂದಿನ ಭಾರದ ದೊಡ್ಡ ಪಾಲು ಒಂದೇ ಟೈರಿನ ಮೇಲೆ ಹೋಗುತ್ತದೆ. ಅಲ್ಲಿಯವರೆಗೆ ಟ್ರ್ಯಾಕ್ಟರ್ ಪಕ್ಕಕ್ಕೆ ವಾಲದ ಹಾಗೆ ತಡೆಯುತ್ತಿರುವುದು ಹಿಂದಿನ ಗಾಲಿಗಳು ಮಾತ್ರ. ಬಕೆಟ್ ಮೇಲೆತ್ತಿಕೊಂಡು ಇಳಿಜಾರಿನಲ್ಲಿ ಅಡ್ಡಲಾಗಿ ಓಡಿಸಿದಾಗ ಮಗುಚುವುದು ಇದರಿಂದಲೇ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದು ಒಂದು ಮೂಲೆ ಕುಸಿದರೆ ಆ ಘಳಿಗೆ ಇನ್ನೂ ಬೇಗ ಬರುತ್ತದೆ.

ನನ್ನ ಲೆಕ್ಕದ ಅಂಕಿಗಳು ನಿಮ್ಮ ಗಾಡಿಯದಲ್ಲ. ನಿಮ್ಮದನ್ನು ತಿಳಿಯುವುದು ಸುಲಭ. ನೀವು ಎತ್ತುವುದರಲ್ಲೇ ಅತಿ ಭಾರದ್ದನ್ನು ಬಕೆಟ್ಟಿಗೆ ತುಂಬಿಕೊಂಡು ವೇಬ್ರಿಜ್‌ಗೆ ಹೋಗಿ ಮುಂದಿನ ಎರಡು ಗಾಲಿಗಳನ್ನು ಮಾತ್ರ ಅದರ ಮೇಲೆ ನಿಲ್ಲಿಸಿ. ಬಕೆಟ್ ನೆಲದಿಂದ ಒಂದು ಗೇಣು ಮೇಲಿರಲಿ. ಬಂದ ಅಂಕಿಯ ಅರ್ಧ ಒಂದು ಟೈರಿನ ಪಾಲು. ಅದೇ ಅಂಕಿಯನ್ನು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಕೊಟ್ಟಿರುವ ಮುಂದಿನ ಆಕ್ಸಲ್ ಮಿತಿಯ ಜೊತೆಗೂ ಹೋಲಿಸಿ. ಆಕ್ಸಲ್ ಮಿತಿಯೇ ಮೀರಿದ್ದರೆ ಟೈರಿನ ಚರ್ಚೆ ಬೇಡ, ಬಕೆಟ್ ತುಂಬಾ ಹೇರುವುದನ್ನು ಬಿಡಬೇಕು. ಟೈರು ಗಟ್ಟಿಯಾಯಿತೆಂದು ಹೇರುತ್ತಾ ಹೋದರೆ ಆಮೇಲಿನ ಸರದಿ ಸೀಲು, ಬೇರಿಂಗು, ಕಿಂಗ್‌ಪಿನ್ನುಗಳದು (ಮುಂದಿನ ಗಾಲಿ ತಿರುಗುವ ಕೀಲುಗಳು). ಅವು ಟೈರಿನ ಹಾಗೆ ಉಬ್ಬಿ ತೋರಿಸುವುದೂ ಇಲ್ಲ.

ಈಗ ಟೈರಿಗೆ ಬರೋಣ. ಟೈರು ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ಪ್ಲೈ?" ಎಂದು. ಆ ಪ್ರಶ್ನೆ ತಪ್ಪಲ್ಲ, ಅರೆಬರೆ. ಭಾರ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಪ್ಲೈ ಜಾಸ್ತಿ ಇದ್ದರೆ ಆ ಟೈರು ಹೆಚ್ಚು ಒತ್ತಡದ ಗಾಳಿಯನ್ನು ತಡೆದುಕೊಳ್ಳುತ್ತದೆ, ಅಷ್ಟೇ. 8 ಪ್ಲೈ ಟೈರು ತಂದು ಹಳೆಯ 4 ಪ್ಲೈಗೆ ಹೊಡೆಸುತ್ತಿದ್ದಷ್ಟೇ ಗಾಳಿ ಹೊಡೆಸಿದರೆ ಪಕ್ಕೆ ಸ್ವಲ್ಪ ಬಿಗಿಯಾಗಿ ಕಾಣಬಹುದು, ಹೊರುವ ತಾಕತ್ತು ಹೆಚ್ಚೇನೂ ಏರುವುದಿಲ್ಲ. ಅಂದಹಾಗೆ 8 ಪ್ಲೈ ಅಂದರೆ ಒಳಗೆ ಎಂಟು ಪದರ ಇದೆ ಎಂದೂ ಅಲ್ಲ. ಹತ್ತಿ ದಾರದ ಪದರಗಳಿದ್ದ ಕಾಲದಲ್ಲಿ ಅದು ನಿಜವಾದ ಎಣಿಕೆ. ನೈಲಾನ್, ಪಾಲಿಯೆಸ್ಟರ್ ಬಂದ ಮೇಲೆ ಕಡಿಮೆ ಪದರದಲ್ಲೇ ಅಷ್ಟು ಬಲ ಸಿಗುತ್ತದೆ. ಉಳಿದದ್ದು ಹಳೆಯ ಹೆಸರು.

ನೋಡಬೇಕಾದದ್ದು ಪಕ್ಕೆಯ ಮೇಲಿನ ಲೋಡ್ ಇಂಡೆಕ್ಸ್. 100 ಎಂದಿದ್ದರೆ ಒಂದು ಟೈರು 800 ಕೆ.ಜಿ. ಹೊರುತ್ತದೆ. 104 ಅಂದರೆ 900, 108 ಅಂದರೆ 1,000, 110 ಅಂದರೆ 1,060. ಅದರ ಪಕ್ಕದ ಅಕ್ಷರ ವೇಗದ್ದು: ಎ6 ಎಂದರೆ ಗಂಟೆಗೆ 30 ಕಿ.ಮೀ., ಎ8 ಎಂದರೆ 40 ಕಿ.ಮೀ. ಕೆಲವು ಸಣ್ಣ ಟೈರುಗಳ ಮೇಲೆ ಇಂಡೆಕ್ಸ್ ಬದಲು ನೇರವಾಗಿ ಗರಿಷ್ಠ ಭಾರ, ಆ ಭಾರಕ್ಕೆ ಬೇಕಾದ ಗಾಳಿ ಎರಡನ್ನೂ ಅಚ್ಚು ಹಾಕಿರುತ್ತಾರೆ. ಆ ಎರಡು ಅಂಕಿಗಳು ಜೋಡಿ. ಗಾಳಿ ಅರ್ಧ ಇಟ್ಟು ಭಾರ ಪೂರ್ತಿ ಹೊರು ಎನ್ನುವ ಹಾಗಿಲ್ಲ.

ತಯಾರಕರ ಕೋಷ್ಟಕಗಳಲ್ಲಿ ವೇಗ ಕಡಿಮೆಯಿದ್ದರೆ ಹೆಚ್ಚು ಭಾರ ಹೊರಿಸಬಹುದು ಎಂದು ರಿಯಾಯಿತಿ ಇರುತ್ತದೆ, ಲೋಡರ್ ಕೆಲಸಕ್ಕೆಂದೇ ಬೇರೆ ಸಾಲು ಇರುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಟೈರು ಆರಿಸುವಾಗ ಆ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ತುಂಬಿದ ಬಕೆಟ್ ಇಳಿಸುತ್ತಾ ತಟ್ಟನೆ ನಿಲ್ಲಿಸಿದಾಗ, ಗುಂಡಿಗೆ ಗಾಲಿ ಬಿದ್ದಾಗ, ಬ್ರೇಕ್ ಒತ್ತಿದಾಗ ಟೈರಿನ ಮೇಲೆ ಬೀಳುವ ಪೆಟ್ಟು ವೇಬ್ರಿಜ್‌ನಲ್ಲಿ ಕಂಡ ಅಂಕಿಗಿಂತ ಜಾಸ್ತಿ. ರಿಯಾಯಿತಿ ಆ ಪೆಟ್ಟಿಗೆ ಮೀಸಲಿರಲಿ. ನನ್ನ ಉದಾಹರಣೆಯ ಟ್ರ್ಯಾಕ್ಟರಿಗೆ ನಾನು 108ಕ್ಕಿಂತ ಕೆಳಗಿನದನ್ನು ಕೊಳ್ಳುವುದಿಲ್ಲ, ಹಿಂದೆ ತೂಕ ಕಟ್ಟಿದ್ದರೂ. ಒಂದಲ್ಲ ಒಂದು ದಿನ ತೂಕ ಕಟ್ಟದೆಯೇ ಬಕೆಟ್ ತುಂಬುತ್ತೇವೆ ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು.

ನಿಮ್ಮ ಟೈರು ಡಿಸ್ಕಿನಿಂದ ಕಳಚಿದ್ದೂ ಗಾಳಿಯ ಕತೆಯೇ ಇರಬೇಕು. ಟೈರಿನ ಒಳಅಂಚನ್ನು, ಅಂದರೆ ಬೀಡನ್ನು, ಡಿಸ್ಕಿನ ತುಟಿಗೆ ಒತ್ತಿ ಹಿಡಿದಿರುವುದು ಗಾಳಿ. ಗಾಳಿ ಕಡಿಮೆ, ಭಾರ ಜಾಸ್ತಿ, ಮೇಲೆ ನಿಂತಲ್ಲೇ ಸ್ಟೀರಿಂಗ್ ತಿರುವು: ಟೈರಿನ ಅಡಿ ನೆಲ ಕಚ್ಚಿಕೊಂಡಿರುತ್ತದೆ, ಡಿಸ್ಕು ಮಾತ್ರ ತಿರುಗುತ್ತದೆ, ಬೀಡು ಜಾರುತ್ತದೆ. ಟ್ಯೂಬ್ ಇದ್ದರೆ ವಾಲ್ವಿನ ಬುಡವೇ ಕಿತ್ತು ಬರುತ್ತದೆ. ಪವರ್ ಸ್ಟೀರಿಂಗ್ ಇರುವುದರಿಂದ ಕೈಗೆ ಈ ಸೆಣಸಾಟ ಪೂರ್ತಿ ಗೊತ್ತಾಗುವುದಿಲ್ಲ. ಗಾಲಿ ಒಂದಡಿಯಾದರೂ ಉರುಳುತ್ತಿರುವಾಗ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ. ಟೈರು ಸವೆಯುವುದೂ ಕಡಿಮೆಯಾಗುತ್ತದೆ. ಡಿಸ್ಕಿನ ತುಟಿ ಬಾಗಿದೆಯೇ, ತುಕ್ಕು ಹಿಡಿದು ತಿಂದಿದೆಯೇ ಎಂದೂ ನೋಡಿ. ಹಾಗಿದ್ದರೆ ಹೊಸ ಟೈರೂ ಅಲ್ಲಿ ನಿಲ್ಲುವುದಿಲ್ಲ.

ಇನ್ನು ಹಲ್ಲಿನ ಮಾತು. ಆರ್-1 ಎಂದರೆ ಓರೆ ಪಟ್ಟಿಗಳ ಹೊಲದ ಟೈರು. ಕೆಸರಿನಲ್ಲಿ ಕಚ್ಚುತ್ತದೆ, ಉರುಳುತ್ತಲೇ ಕೆಸರನ್ನು ಉದುರಿಸಿಕೊಳ್ಳುತ್ತದೆ. ಆದರೆ ಕಾಂಕ್ರೀಟು, ಜಲ್ಲಿಯ ಮೇಲೆ ಭಾರ ಹೊತ್ತರೆ ಆ ಎತ್ತರದ ಹಲ್ಲುಗಳು ಅತ್ತಿತ್ತ ಬಾಗಿ ಬೇಗ ತೇಯುತ್ತವೆ. ಆರ್-4 ಇಂಡಸ್ಟ್ರಿಯಲ್ ಮಾದರಿ. ಹಲ್ಲು ಅಗಲ, ಆಳ ಕಡಿಮೆ, ಪಕ್ಕೆ ದಪ್ಪ, ಟೈರೂ ಸಾಮಾನ್ಯವಾಗಿ ಅಗಲ. ಲೋಡರಿಗೆಂದೇ ಹುಟ್ಟಿದ್ದು ಅನ್ನಬಹುದು. ಅದರ ದೌರ್ಬಲ್ಯ ಅಂಟು ಕೆಸರು. ಹಲ್ಲುಗಳ ಸಂದಿನಲ್ಲಿ ಕೆಸರು ಮೆತ್ತಿಕೊಂಡರೆ ಬೋಳು ಟೈರೂ ಅದೂ ಒಂದೇ. ಆರ್-3 ಹುಲ್ಲುಹಾಸಿನದು, ನಿಮಗೆ ಬೇಡ. ಇತ್ತೀಚೆಗೆ ಆರ್-14 ಎಂಬ ಮಿಶ್ರ ಮಾದರಿ ಬಂದಿದೆ, ಹೊಲಕ್ಕೂ ಅಂಗಳಕ್ಕೂ ಓಡಾಡುವ ನಿಮ್ಮಂಥವರನ್ನೇ ನೆನೆದು ಮಾಡಿದಂತಿದೆ. ನಿಮ್ಮ ಅಳತೆಯಲ್ಲಿ, ಬೇಕಾದ ಲೋಡ್ ಇಂಡೆಕ್ಸ್‌ನಲ್ಲಿ ಸಿಕ್ಕರೆ ನೋಡುವಂಥದ್ದು. ರೇಡಿಯಲ್ (ಒಳಪದರದ ದಾರಗಳು ಅಡ್ಡಕ್ಕೆ ನೇರ ಹೋಗುವ, ಪಕ್ಕೆ ಮೆತ್ತಗಿರುವ ಟೈರು) ಬೇಕೇ ಎಂದು ನೀವು ಕೇಳಿಲ್ಲ, ಕೇಳಿದ್ದರೂ ನನ್ನ ಉತ್ತರ ಚಿಕ್ಕದು: ಲೋಡರ್ ಹೊತ್ತ ಸಣ್ಣ ಟ್ರ್ಯಾಕ್ಟರಿನ ಮುಂದೆ ದಾರಗಳನ್ನು ಓರೆಯಾಗಿ ಹೆಣೆದ, ಬಿಗಿ ಪಕ್ಕೆಯ ಬಯಾಸ್ ಟೈರೇ ಸಾಕು.

ಆರ್-4 ಇಷ್ಟು ಚೆನ್ನಾಗಿದ್ದರೆ ಮುಂದೆ ಎರಡು ಹಾಕಿಸಿಬಿಡೋಣ ಎನ್ನುವಲ್ಲೇ ಜನ ಎಡವುವುದು. ನಿಮ್ಮದು ಫೋರ್ ವೀಲ್ ಡ್ರೈವ್. ಮುಂದಿನ ಸಣ್ಣ ಗಾಲಿಯೂ ಹಿಂದಿನ ದೊಡ್ಡ ಗಾಲಿಯೂ ಗೇರುಗಳ ಮೂಲಕ ಒಂದಕ್ಕೊಂದು ಕಟ್ಟಿಕೊಂಡಿವೆ. ಮುಂದಿನದು ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ದೂರ ಎಳೆಯುವ ಹಾಗೆ, ಸಾಮಾನ್ಯವಾಗಿ 1ರಿಂದ 5% ಮುಂದಿರುವ ಹಾಗೆ, ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಇದಕ್ಕೆ ಲೀಡ್ ಅನ್ನುತ್ತಾರೆ. ಟೈರಿನ ಸುತ್ತಳತೆ ಬದಲಾದರೆ ಈ ಹೊಂದಾಣಿಕೆ ಕೆಡುತ್ತದೆ.

ಹಿಂದಿನ ಟೈರು ಒಂದು ಸುತ್ತಿಗೆ 3.80 ಮೀಟರ್ ಉರುಳುತ್ತದೆ, ಮುಂದಿನದು 2.35 ಮೀಟರ್, ಹಿಂದಿನದು ಒಂದು ಸುತ್ತು ಹೋದರೆ ಗೇರು ಮುಂದಿನದನ್ನು 1.66 ಸುತ್ತು ತಿರುಗಿಸುತ್ತದೆ ಎಂದುಕೊಳ್ಳಿ. 2.35ನ್ನು 1.66ರಿಂದ ಗುಣಿಸಿದರೆ 3.90. ಲೀಡ್ ಸುಮಾರು 2.7%, ಸರಿಯಾಗಿದೆ. ಮುಂದೆ 2.25 ಮೀಟರ್ ಉರುಳುವ ಸ್ವಲ್ಪ ಗಿಡ್ಡ ಟೈರು ಹಾಕಿದಿರಿ ಅನ್ನಿ, 3.735 ಆಯಿತು. ಈಗ ಮುಂದಿನ ಗಾಲಿ ಹಿಂದೆ ಬಿದ್ದಿದೆ. ಎಳೆಯುವ ಬದಲು ಬ್ರೇಕಿನಂತೆ ತಡೆಯುತ್ತದೆ. ಇನ್ನೊಂದು ತುದಿಗೆ ಹೋದರೆ, ನಿಮಗೆ ಹೇಳಿದ 8-16ರಂಥ ದೊಡ್ಡ ಟೈರಿನಿಂದ ಸುತ್ತಳತೆ 6% ಏರಿದರೆ ಲೀಡ್ 9%ರ ಹತ್ತಿರ ಹೋಗುತ್ತದೆ. ಮುಂದಿನ ಟೈರು ಸದಾ ಕೆರೆದುಕೊಂಡೇ ಓಡುತ್ತದೆ, ಗಟ್ಟಿ ನೆಲದಲ್ಲಿ ಗೇರುಗಳ ನಡುವೆ ಬಿಗಿತ ಕಟ್ಟಿಕೊಂಡು ಫೋರ್ ವೀಲ್ ಲಿವರ್ ಬಿಡಿಸಲಿಕ್ಕೇ ಆಗದ ಹಾಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದೂ ಅಲ್ಲದೆ ಅಗಲ ಟೈರು ಪೂರ್ತಿ ತಿರುಗಿಸಿದಾಗ ಲೋಡರಿನ ಚೌಕಟ್ಟಿಗೆ ಉಜ್ಜಬಹುದು. ನಿಮ್ಮ ಡಿಸ್ಕಿನ ಅಗಲ ಅದಕ್ಕೆ ಹೊಂದಬೇಕು ಎಂಬುದು ಬೇರೆ. 8-16ರ ಸಲಹೆಯನ್ನು ಮರೆತುಬಿಡಿ.

ಹಾಗಾದರೆ ಫೋರ್ ವೀಲ್ ಬಿಡಿಸಿಕೊಂಡೇ ಓಡಿಸಿದರಾಯಿತು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹೆಚ್ಚಾಗಿ ಹಿಂದಿನ ಗಾಲಿಗೆ ಮಾತ್ರ. ತುಂಬಿದ ಬಕೆಟ್ಟಿನಿಂದ ಹಿಂಭಾಗ ಹಗುರಾಗಿ ಇಳಿಜಾರಿನಲ್ಲಿ ಬರುತ್ತಿರುವಾಗ ಆ ಬ್ರೇಕು ಗಾಲಿಯನ್ನು ನಿಲ್ಲಿಸುತ್ತದೆ, ಟ್ರ್ಯಾಕ್ಟರನ್ನಲ್ಲ. ಆಗ ಹಿಡಿಯಬೇಕಾದದ್ದು ಭಾರ ಹೊತ್ತ ಮುಂದಿನ ಗಾಲಿಗಳೇ. ಅವು ಹಿಡಿಯುವುದು ಫೋರ್ ವೀಲ್ ಹಾಕಿದ್ದಾಗ ಮಾತ್ರ.

ಲೀಡ್ ಅಳೆಯಲು ಮೆಕ್ಯಾನಿಕ್ ಬೇಕಿಲ್ಲ. ಎಲ್ಲ ಟೈರುಗಳಿಗೂ ಸರಿಯಾಗಿ ಗಾಳಿ ಹೊಡೆಸಿ, ಸಡಿಲ ಮಣ್ಣಿನಲ್ಲಿ, ಮುಂದೊಂದು ಹಿಂದೊಂದು ಟೈರಿಗೆ ಸುಣ್ಣದ ಗುರುತು ಹಾಕಿ. ಫೋರ್ ವೀಲ್ ಬಿಡಿಸಿ, ಹಿಂದಿನ ಗಾಲಿ 10 ಸುತ್ತು ಹೋಗುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತು ಹೋಯಿತು ಎಣಿಸಿ; 16.2 ಬಂತು ಅನ್ನಿ. ಫೋರ್ ವೀಲ್ ಹಾಕಿ ಮತ್ತೆ ಎಣಿಸಿ, 16.7 ಬಂದರೆ ಲೀಡ್ ಸುಮಾರು 3%. ಎಣಿಸುವವರು ಪಕ್ಕದಲ್ಲಿ, ಗಾಲಿಯ ದಾರಿಯಿಂದ ದೂರ ನಡೆಯಲಿ. ಹಿಂದಿನ ಟೈರು ಸವೆದಿದ್ದರೆ ಅದರ ಸುತ್ತಳತೆಯೂ ಕುಗ್ಗಿರುತ್ತದೆ. ಮುಂದೆ ಮಾತ್ರ ಹೊಸದು ಹಾಕಿದಾಗ ಅದೇ ಅಳತೆಯ ಟೈರಾದರೂ ಲೀಡ್ ಸ್ವಲ್ಪ ಏರುವುದು ಇದಕ್ಕೇ. ಒಂದೇ ಅಳತೆ ಅಚ್ಚಾಗಿದ್ದರೂ ಬೇರೆ ಬೇರೆ ತಯಾರಕರ ಟೈರುಗಳ ಎತ್ತರ ಒಂದೇ ಇರುವುದಿಲ್ಲ; ಕೊಳ್ಳುವಾಗ ಕೇಳಬೇಕಾದದ್ದು ಉರುಳುವ ಸುತ್ತಳತೆ. ಮುಂದಿನ ಎರಡೂ ಒಟ್ಟಿಗೇ ಬದಲಾಗಲಿ.

ಫೋಮ್ ತುಂಬಿಸುವುದು ಮೊಳೆ, ಗಾಜು, ಕಬ್ಬಿಣದ ಚೂರುಗಳ ನಡುವೆ ದಿನವಿಡೀ ಓಡುವ ಯಂತ್ರಗಳಿಗೆ ಸರಿ. ಪಂಕ್ಚರ್ ಆಗದು, ನಿಜ. ಆದರೆ ಟೈರು ಕಲ್ಲಿನಂತಾಗುತ್ತದೆ, ತೂಕ ಏರುತ್ತದೆ, ಗಾಳಿ ನುಂಗುತ್ತಿದ್ದ ಪ್ರತಿ ಪೆಟ್ಟೂ ನೇರ ಆಕ್ಸಲ್‌ಗೆ ಹೋಗುತ್ತದೆ. ಟೈರು ಸವೆದ ದಿನ ಅದನ್ನು ಕೊಯ್ದು ತೆಗೆಯಬೇಕು. ನಿಮ್ಮ ತೊಂದರೆ ಪಂಕ್ಚರ್ ಅಲ್ಲ, ಭಾರ. ಮುಂದಿನ ಟೈರಿಗೆ ನೀರು ತುಂಬಿಸುವುದೂ ಬೇಡ. ಮುಂದೆ ತೂಕ ಬೇಕೆನ್ನುವ ದಿನ ನಿಮಗೆ ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತೇನೆ. ಮೊದಲು ಹಿಂದೆ ತೂಕ. ಆಮೇಲೆ ವೇಬ್ರಿಜ್. ಆ ಅಂಕಿ ಹಿಡಿದುಕೊಂಡು 7-16 ಅಳತೆಯಲ್ಲೇ 6 ಅಥವಾ 8 ಪ್ಲೈನ ಆರ್-1 ಹುಡುಕುತ್ತೇನೆ. ಅದರ ಲೋಡ್ ಇಂಡೆಕ್ಸ್ ಸಾಕಾದರೆ ಡಿಸ್ಕು ಅದೇ, ಲೀಡೂ ಹೆಚ್ಚುಕಡಿಮೆ ಅದೇ, ಹೊಲದ ಕೆಲಸಕ್ಕೂ ಧಕ್ಕೆಯಿಲ್ಲ. ಹಲ್ಲು ಬೇಗ ತೇಯುವುದನ್ನು ಒಪ್ಪಿಕೊಳ್ಳಬೇಕು, ಅಷ್ಟೇ. ಆ ಅಳತೆಯಲ್ಲಿ ಅಷ್ಟು ಭಾರ ಹೊರುವ ಟೈರೇ ಇಲ್ಲವೆಂದಾದರೆ, ಅಥವಾ ಹೊಲದ ಕೆಲಸ ವರ್ಷಕ್ಕೆ ನಾಲ್ಕಾರು ದಿನವಷ್ಟೇ ಎಂದಾದರೆ, ಆರ್-4ಗೆ ಹೋಗುತ್ತೇನೆ. ಆದರೆ ನಿಮ್ಮ ಮಾದರಿಯ ಟ್ರ್ಯಾಕ್ಟರಿಗೆ ತಯಾರಕರೇ ಕೊಡುವ ಮುಂದಿನ, ಹಿಂದಿನ ಜೋಡಿಯನ್ನು ಡಿಸ್ಕು ಸಮೇತ, ನಾಲ್ಕೂ ಒಟ್ಟಿಗೆ. ಮುಂದೆ ಆರ್-4, ಹಿಂದೆ ಹಳೆಯ ಆರ್-1 ಎಂಬ ಬೆರಕೆ ಮಾಡಲೇಬೇಕಾದರೆ ಸುತ್ತಳತೆ ಲೆಕ್ಕ ಹಾಕದೆ ಹಣ ಕೊಡಬೇಡಿ.

ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕಂಕಿಯ ತಯಾರಿಕೆ ಗುರುತನ್ನೂ ನೋಡಿ. 2319 ಎಂದರೆ 2019ರ 23ನೇ ವಾರ. ಹಲ್ಲು ಹೊಸದಿದ್ದರೂ ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿದ್ದ ಟೈರಿನ ಪಕ್ಕೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಲೋಡರ್ ಮೊದಲು ಕೊಲ್ಲುವುದು ಪಕ್ಕೆಯನ್ನೇ. ಕೂರಿಸುವಾಗ ಬೀಡು ಕೂರಲಿಲ್ಲವೆಂದು ಗಾಳಿ ಏರಿಸುತ್ತಾ ಹೋಗಬಾರದು. ಅದಕ್ಕೊಂದು ಮಿತಿ ಪಕ್ಕೆಯ ಮೇಲೇ ಬರೆದಿರುತ್ತದೆ, ಬಹಳಷ್ಟು ಕೃಷಿ ಟೈರುಗಳಲ್ಲಿ 35 ಪಿಎಸ್‌ಐ. ಉದ್ದ ಪೈಪು, ಕಚ್ಚಿಕೊಂಡು ನಿಲ್ಲುವ ನಳಿಕೆ ಹಾಕಿ ಪಕ್ಕಕ್ಕೆ ಸರಿದು ನಿಲ್ಲಿ, ಟೈರಿನ ಎದುರು ಬೇಡ. ಟೈರು ಕೂತಿರುವ ಡಿಸ್ಕಿಗೆ ವೆಲ್ಡಿಂಗ್ ಮಾಡಿಸುವುದಂತೂ ಬೇಡವೇ ಬೇಡ. ಟೈರು ತಣ್ಣಗಿರುವಾಗಲೇ ಗಾಳಿ ಅಳೆಯಿರಿ. ಗಾಲಿ ಕೂರಿಸಿ ಮೊದಲ ಕೆಲವು ಗಂಟೆ ಬಕೆಟ್ ಕೆಲಸ ಮಾಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ; ಹೊಸ ಬಣ್ಣದ ಡಿಸ್ಕಾದರೆ ಮಾರನೆಯ ದಿನವೂ ಒಮ್ಮೆ.